ಬಳ್ಳಾರಿ ಸೀಮೆಯಲ್ಲಿ ಚೇಂಬರ್ ಸಂಗೀತ ಕಛೇರಿ: ಫ್ಲೂಟ್, ತಂತಿವಾದ್ಯ, ಕೀಬೋರ್ಡುಗಳಿಗೆ ಅಣಿಯಾಗುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಬೆಂಗಳೂರಿನಲ್ಲಿ ಕೇಳಿ ಬಂದಂಥ ಪಾಶ್ಚಾತ್ಯ ಚೇಂಬರ್ ಸಂಗೀತದ ಕಛೇರಿಯನ್ನು ನಮ್ಮೂರಿನಲ್ಲಿ ನಡೆಸಬಹುದೇ, ಪಿಯಾನೊ ಸಿಗದ ಊರಿನಲ್ಲಿ ಏನು ಮಾಡಬೇಕು, ನಮ್ಮ ಬಿಸಿಲಿಗೆ ಆ ವಾದ್ಯಗಳು ತಾಳುತ್ತವೆಯೇ ಎಂದು ಹಲವರು ಕೇಳುತ್ತಾರೆ. ಖಂಡಿತವಾಗಿ ನಡೆಸಬಹುದು. ಆದರೆ ನಮ್ಮಲ್ಲಿ ಸಂಗೀತ ಕಾರ್ಯಕ್ರಮವೆಂದರೆ ಮೊದಲು ವೇದಿಕೆ, ಆಮೇಲೆ ಮೈಕು, ಆಮೇಲೆ ಅತಿಥಿಗಳ ಪಟ್ಟಿ ಎಂಬ ಕ್ರಮ ರೂಢಿಯಾಗಿದೆ. ಈ ಸಂಗೀತಕ್ಕೆ ಆ ಕ್ರಮ ಒಗ್ಗುವುದಿಲ್ಲ. ಇಲ್ಲಿ ಮೊದಲು ನೋಡಬೇಕಾದದ್ದು ಕೋಣೆ. ಉಳಿದ ನಿರ್ಧಾರಗಳೆಲ್ಲ ಅದರ ಹಿಂದೆಯೇ ಬರುತ್ತವೆ.

ಚೇಂಬರ್ ಸಂಗೀತವೆಂದರೆ ಮೂವರಿಂದ ಏಳೆಂಟು ಜನ ವಾದಕರು, ಒಂದೊಂದು ಭಾಗಕ್ಕೆ ಒಬ್ಬೊಬ್ಬರೇ ಇದ್ದು, ಕೋಲು ಹಿಡಿದು ನಡೆಸುವ ನಿರ್ದೇಶಕರಿಲ್ಲದೆ, ಒಬ್ಬರನ್ನೊಬ್ಬರು ನೋಡುತ್ತ ಕೇಳುತ್ತ ನುಡಿಸುವ ಸಂಗೀತ. ಹತ್ತಿರ ಕುಳಿತು ಬೈಠಕ್ ಕೇಳಿ ಬಲ್ಲವರು ನಮ್ಮ ಕಡೆ ಇನ್ನೂ ಇದ್ದಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಪಿಟೀಲು, ಹಾರ್ಮೋನಿಯಂ ವಾದಕರು ಈ ಮೂರೂ ಜಿಲ್ಲೆಗಳಲ್ಲಿ ಸಿಗುತ್ತಾರೆ. ಆದ್ದರಿಂದ ಕೇಳುವ ಕಿವಿ ಇಲ್ಲಿಲ್ಲ ಎಂಬ ಅಂಜಿಕೆ ಬೇಡ.

ಈ ಲೇಖನದಲ್ಲಿ ಫ್ಲೂಟ್ ಎಂದಾಗಲೆಲ್ಲ ಲೋಹದ, ಕೀಲಿಗಳಿರುವ ಪಾಶ್ಚಾತ್ಯ ಕೊಳಲು ಎಂದು ತಿಳಿಯಿರಿ. ವಯೋಲಾ ಎಂಬುದು ಪಿಟೀಲಿಗಿಂತ ತುಸು ದೊಡ್ಡದಾದ, ಐದು ಸ್ವರ ಕೆಳಗಿನ ಸ್ಥಾಯಿಯಲ್ಲಿ ನುಡಿಯುವ ವಾದ್ಯ. ಚೆಲ್ಲೊ ಎಂಬುದು ಕುರ್ಚಿಯಲ್ಲಿ ಕುಳಿತು, ಮೊಣಕಾಲುಗಳ ನಡುವೆ ಹಿಡಿದು, ಅಡಿಯ ಉಕ್ಕಿನ ಮೊನೆಯನ್ನು ನೆಲಕ್ಕೂರಿ ಕಮಾನಿನಿಂದ ನುಡಿಸುವ ದೊಡ್ಡ ವಾದ್ಯ.

ಹಂತ 1: ಕೋಣೆಯನ್ನು ಆರಿಸುವುದು

ಬಳ್ಳಾರಿಯ ರಾಘವ ಕಲಾಮಂದಿರ, ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರ, ಕೊಪ್ಪಳದ ಸಾಹಿತ್ಯ ಭವನ ಇವೆಲ್ಲ ನಾಟಕಕ್ಕೆ, ಸಭೆಗೆ, ದೊಡ್ಡ ಜನಸ್ತೋಮಕ್ಕೆ ಒಪ್ಪುವ ಜಾಗಗಳು. ಒಂದು ಫ್ಲೂಟ್, ಮೂರು ತಂತಿವಾದ್ಯಗಳ ದನಿ ಮೈಕಿಲ್ಲದೆ ಅಷ್ಟು ದೂರ ಹೋಗುವುದಿಲ್ಲ. ಮೈಕಿಟ್ಟರೆ ಪಿಟೀಲಿನ ಕಮಾನು ತಂತಿಯ ಮೇಲೆ ಹೂಡುವ ಮೆಲುದನಿಯೂ, ಫ್ಲೂಟಿನ ಉಸಿರೂ ಸ್ಪೀಕರಿನ ಒಂದೇ ಬಾಯಿಂದ ಹೊರಬರುತ್ತವೆ. ಯಾವ ದನಿ ಎತ್ತಲಿಂದ ಬಂತು, ಯಾರು ಯಾರಿಗೆ ಉತ್ತರ ಕೊಟ್ಟರು ಎಂಬುದು ಅಳಿಸಿಹೋಗುತ್ತದೆ. ಈ ಸಂಗೀತದ ಸುಖವೆಲ್ಲ ಆ ಸವಾಲು ಜವಾಬಿನಲ್ಲೇ ಇರುವುದರಿಂದ, ಮೈಕು ಬೇಡವೆಂಬ ವಿಷಯದಲ್ಲಿ ಯಾರ ಒತ್ತಾಯಕ್ಕೂ ಮಣಿಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ನಿಮಗೆ ಬೇಕಾದದ್ದು ಸುಮಾರು 30 ಅಡಿ ಅಗಲ, 40 ಅಡಿ ಉದ್ದ, 12 ಅಡಿಗೆ ಕಡಿಮೆಯಿಲ್ಲದ ಎತ್ತರದ ಒಂದು ಕೋಣೆ. ಇಂಥ ಕೋಣೆಯಲ್ಲಿ ವಾದಕರಿಗೆ 12 ಅಡಿ ಉದ್ದ, 10 ಅಡಿ ಅಗಲದ ಜಾಗ ಬಿಟ್ಟು, ಓಡಾಡಲು ದಾರಿ ಬಿಟ್ಟು, 70ರಿಂದ 80 ಜನ ಆರಾಮವಾಗಿ ಕೂರಬಹುದು. ಹಳೆಯ ಶಾಲೆಯ ಸಭಾಂಗಣ, ಗ್ರಂಥಾಲಯದ ವಾಚನಾಲಯ, ಸಂಘದ ಮೇಲ್ಮಹಡಿ, ಮರದ ತೊಲೆ ಜಂತಿಗಳಿರುವ ದೊಡ್ಡ ಮನೆಯ ಪಡಸಾಲೆ, ಇವೆಲ್ಲ ಒಳ್ಳೆಯ ಜಾಗಗಳೇ. ಮರದ ಜಂತಿಯ ಪಡಸಾಲೆ ಸಿಕ್ಕರೆ ಬಿಡಬೇಡಿ. ಅಲ್ಲಿ ತಂತಿವಾದ್ಯಗಳ ದನಿ ಬಹಳ ಹಿತವಾಗಿ ಕೂರುತ್ತದೆ. ಕಲ್ಯಾಣ ಮಂಟಪಗಳನ್ನು ಮಾತ್ರ ದೂರವಿಡಿ. ಗ್ರಾನೈಟ್ ನೆಲ, ಬೋಳು ಗೋಡೆ, ಸಿಮೆಂಟಿನ ತಾರಸಿಗಳ ನಡುವೆ ದನಿ ಎತ್ತೆತ್ತಲೋ ಬಡಿದು ಮರಳಿ ಬಂದು, ವೇಗದ ಸ್ವರಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಕೋಣೆಯ ಪರೀಕ್ಷೆ ಸುಲಭ. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ದನಿ ಒಂದು ಸೆಕೆಂಡಿನ ಆಸುಪಾಸಿನಲ್ಲಿ ನಯವಾಗಿ ಅಡಗಿದರೆ ಕೋಣೆ ಚೆನ್ನಾಗಿದೆ. ಟಣಟಣ ಎಂದು ಎರಡು ಗೋಡೆಗಳ ನಡುವೆ ಪುಟಿದರೆ ನೆಲಕ್ಕೆ ಜಮಖಾನೆ ಹಾಸಿ, ವಾದಕರ ಎದುರಿನ ಗೋಡೆಗೆ ದಪ್ಪ ಪರದೆ ಇಳಿಬಿಟ್ಟು ಮತ್ತೆ ತಟ್ಟಿ ನೋಡಿ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆಗಳೇ ಸಾಕಷ್ಟು ದನಿಯನ್ನು ಹೀರಿಕೊಳ್ಳುವುದರಿಂದ ಖಾಲಿ ಕೋಣೆ ತುಸು ಹೆಚ್ಚೇ ಮೊಳಗಿದರೂ ಚಿಂತಿಸಬೇಕಿಲ್ಲ. ಚಪ್ಪಾಳೆ ತಟ್ಟಿದೊಡನೆ ಸತ್ತೇಹೋದರೆ, ಅಂದರೆ ಫೋಮಿನ ಹೊದಿಕೆಯಿರುವ ಕಾನ್ಫರೆನ್ಸ್ ಹಾಲಿನಂತಿದ್ದರೆ, ಅಂಥ ಜಾಗದಲ್ಲಿ ಫ್ಲೂಟ್ ಬಡವಾಗಿ ಕೇಳುತ್ತದೆ.

ನಂತರ ಅದೇ ಕೋಣೆಯಲ್ಲಿ, ಕಛೇರಿ ನಡೆಯಬೇಕಾದ ವಾರ ಮತ್ತು ಹೊತ್ತಿನಲ್ಲೇ, ಸುಮ್ಮನೆ ಅರ್ಧ ಗಂಟೆ ಕುಳಿತು ಕೇಳಿ. ಅದಿರು ಲಾರಿಗಳು ಹಾಯುವ ಹೆದ್ದಾರಿ, ಪಕ್ಕದ ಜೀನ್ಸ್ ಹೊಲಿಗೆ ಘಟಕ, ಎದುರಿನ ಅಂಗಡಿಯ ಜನರೇಟರ್, ಗುಡಿಯ ಪೂಜೆಯ ಹೊತ್ತು, ಮಸೀದಿಯ ಆಜಾನ್, ಇವೆಲ್ಲ ಆಗಲೇ ತಿಳಿಯುತ್ತವೆ. ಗುಡಿ ಮಸೀದಿಗಳ ಹೊತ್ತನ್ನು ತಿಳಿದುಕೊಂಡು ಕಾರ್ಯಕ್ರಮವನ್ನು ಅದಕ್ಕೆ ಹೊಂದಿಸುವುದು ನಮ್ಮ ಕೆಲಸ. ಭಾನುವಾರವಾದರೆ ಹೊಲಿಗೆ ಘಟಕಗಳ, ಅಂಗಡಿಗಳ ಸದ್ದು ಕಡಿಮೆಯಿರುತ್ತದೆ.

ಹಂತ 2: ದಿನ ಮತ್ತು ಹೊತ್ತು

ನವೆಂಬರ್ ನಡುವಿನಿಂದ ಫೆಬ್ರುವರಿ ನಡುವಿನವರೆಗೆ ನಮ್ಮ ಸೀಮೆಗೆ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಧಗೆ ಏರುತ್ತದೆ, ಪರೀಕ್ಷೆಗಳೂ ಹತ್ತಿರವಾಗುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಮರದ ವಾದ್ಯಗಳನ್ನು ಕರೆಸುವುದೇ ತಪ್ಪು. ಕೊಪ್ಪಳದವರು ಜನವರಿಯ ಗವಿಸಿದ್ಧೇಶ್ವರ ಜಾತ್ರೆಯ ದಿನಗಳನ್ನೂ, ಹೊಸಪೇಟೆ ಬಳ್ಳಾರಿಯವರು ಹಂಪಿ ಉತ್ಸವದ ದಿನಗಳನ್ನೂ ಬಿಟ್ಟು ದಿನ ಗೊತ್ತುಮಾಡಬೇಕು. ಆ ದಿನಗಳಲ್ಲಿ ವಸತಿಯೂ ಸಿಗುವುದಿಲ್ಲ, ಜನರೂ ಬರುವುದಿಲ್ಲ.

ಗಂಗಾವತಿ, ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆಯವರಿಗೆ ಒಂದು ಬೇರೆ ಎಚ್ಚರಿಕೆ. ತುಂಗಭದ್ರೆಯ ಕಾಲುವೆ ನೀರಿನ ಗದ್ದೆಗಳಲ್ಲಿ ಮುಂಗಾರು ಭತ್ತ ಬಲಿಯುವ ಹೊತ್ತಿಗೆ, ಅಂದರೆ ಅಕ್ಟೋಬರ್ ಮತ್ತು ನವೆಂಬರಿನ ಸಂಜೆಗಳಲ್ಲಿ, ಕಂದು ಜಿಗಿಹುಳ ಮುಂತಾದ ಸಣ್ಣ ಹುಳುಗಳು ದೀಪಕ್ಕೆ ಮುತ್ತಿಕೊಳ್ಳುತ್ತವೆ. ಎಲ್ಲಕ್ಕಿಂತ ಬೆಳಕಿರುವ ಜಾಗವೆಂದರೆ ಸ್ವರಲಿಪಿಯ ಸ್ಟ್ಯಾಂಡ್. ಫ್ಲೂಟ್ ವಾದಕರು ಪ್ರತಿ ಕೆಲವು ಸೆಕೆಂಡಿಗೊಮ್ಮೆ ಬಾಯಿಂದ ಉಸಿರೆಳೆದುಕೊಳ್ಳಬೇಕಾದವರು ಎಂಬುದನ್ನು ನೆನೆದರೆ ತೊಂದರೆ ಎಷ್ಟೆಂದು ತಿಳಿಯುತ್ತದೆ. ಆ ತಿಂಗಳುಗಳಲ್ಲಿ ನಡೆಸಲೇಬೇಕಿದ್ದರೆ ಬೆಳಿಗ್ಗೆ 10 ಗಂಟೆಗೆ ಇಟ್ಟುಕೊಳ್ಳಿ, ಇಲ್ಲವೇ ಕಿಟಕಿಗಳಿಗೆ ಸೊಳ್ಳೆ ಜಾಲರಿ ಬಿಗಿದು, ಹೊರಗಿನ ಅಂಗಳದಲ್ಲಿ ದೊಡ್ಡ ದೀಪ ಉರಿಸಿ ಹುಳುಗಳನ್ನು ಅತ್ತ ಸೆಳೆಯಿರಿ.

ಉಳಿದ ಕಾಲದಲ್ಲಿ ಸಂಜೆ 6.30ಕ್ಕೆ ಆರಂಭಿಸಿ 8ರೊಳಗೆ ಮುಗಿಸುವುದು ಸೂಕ್ತ.

ಹಂತ 3: ವಾದಕರು ಮತ್ತು ಕೃತಿಗಳು

ಕೃತಿಗಳನ್ನು ಆರಿಸುವುದು ವಾದಕರ ಹಕ್ಕು. ಆದರೆ ಎಷ್ಟು ಜನರನ್ನು ಕರೆಸಬೇಕೆಂಬ ಲೆಕ್ಕ ನಿಮ್ಮದಾದ್ದರಿಂದ, ಯಾವ ಕೃತಿಗೆ ಯಾರು ಬೇಕೆಂದು ತಿಳಿದಿದ್ದರೆ ಮಾತುಕತೆ ಸುಲಭವಾಗುತ್ತದೆ. ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಶಾಲೆಗಳಲ್ಲಿ ವಿಚಾರಿಸುವಾಗ ಫ್ಲೂಟ್, ಪಿಟೀಲು, ವಯೋಲಾ, ಚೆಲ್ಲೊ, ಕೀಬೋರ್ಡ್ ಎಂದು ಐವರ ತಂಡವನ್ನು ಕೇಳಿ. ಈ ಐವರಿಂದ ಒಂದು ಸಂಜೆಗೆ ಬೇಕಾದಷ್ಟು ಬಗೆಬಗೆಯ ಸಂಗೀತ ಹೊರಡುತ್ತದೆ. ಎಲ್ಲರೂ ಎಲ್ಲ ಕೃತಿಯಲ್ಲೂ ನುಡಿಸಬೇಕಿಲ್ಲ. ಜೋಡಣೆ ಬದಲಾದಷ್ಟೂ ಹೊಸ ಕೇಳುಗರ ಆಸಕ್ತಿ ಬೆಳೆಯುತ್ತದೆ. ನನ್ನ ಸಲಹೆ ಹೀಗಿದೆ.

ಮೊದಲು ಮೊಟ್ಸಾರ್ಟ್ 1777ರ ಡಿಸೆಂಬರಿನಲ್ಲಿ ಮಾನ್‌ಹೈಮ್ ನಗರದಲ್ಲಿ ಬರೆದು ಮುಗಿಸಿದ ಡಿ ಮೇಜರ್ (ಅಂದರೆ ಡಿ ಸ್ವರವನ್ನು ಆಧಾರವಾಗಿಟ್ಟ) ಫ್ಲೂಟ್ ಕ್ವಾರ್ಟೆಟ್; ಅವನ ಕೃತಿಗಳ ಪಟ್ಟಿಯಲ್ಲಿ ಇದರ ಸಂಖ್ಯೆ ಕೆ. 285. ಕ್ವಾರ್ಟೆಟ್ ಎಂದರೆ ನಾಲ್ವರ ಕೃತಿ. ಇಲ್ಲಿ ಫ್ಲೂಟ್ ಮತ್ತು ಮೂರು ತಂತಿವಾದ್ಯಗಳು. ಡಚ್ ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯನಾಗಿದ್ದ, ಹವ್ಯಾಸಕ್ಕೆ ಫ್ಲೂಟ್ ನುಡಿಸುತ್ತಿದ್ದ ಫರ್ಡಿನಂಡ್ ಡೆ ಜಾನ್ ಎಂಬಾತ ಹಣ ಕೊಟ್ಟು ಬರೆಸಿದ್ದರಲ್ಲಿ ಇದೂ ಒಂದು. ಇದರ ನಡುವಿನ ನಿಧಾನ ಭಾಗವನ್ನು ಹೊಸ ಕೇಳುಗರಿಗೆ ಮುಂಚೆಯೇ ಹೇಳಿ ಕೇಳಿಸಬೇಕು. ಅಲ್ಲಿ ತಂತಿವಾದ್ಯದವರು ಕಮಾನನ್ನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಾರೆ, ಅದರ ಮೇಲೆ ಫ್ಲೂಟ್ ಒಂದೇ ಉದ್ದನೆಯ ಹಾಡನ್ನು ಹಾಡುತ್ತದೆ. ಆ ಹಾಡು ಪೂರ್ತಿ ನಿಲ್ಲದೆಯೇ ಕೊನೆಯ ಚುರುಕಿನ ಭಾಗಕ್ಕೆ ಹೊರಳುತ್ತದೆ.

ಎರಡನೆಯದಾಗಿ ಬಾಖ್‌ನ 'ಮ್ಯೂಸಿಕಲ್ ಆಫರಿಂಗ್' ಸಂಗ್ರಹದ ತ್ರಯೋ ಸೊನಾಟ, ಅಂದರೆ ಮೂರು ಸ್ವರಸಾಲುಗಳ ವಾದ್ಯಕೃತಿ. ಬಾಖ್ 1747ರ ಮೇ ತಿಂಗಳಿನಲ್ಲಿ ಪಾಟ್ಸ್‌ಡಾಮಿಗೆ ಹೋದಾಗ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ಒಂದು ಸ್ವರಪಂಕ್ತಿಯನ್ನು ಕೊಟ್ಟು ಅದರ ಮೇಲೆ ನುಡಿಸಲು ಕೇಳಿದ. ಊರಿಗೆ ಮರಳಿದ ಬಾಖ್ ಅದೇ ಸ್ವರಪಂಕ್ತಿಯ ಮೇಲೆ ಒಂದು ಸಂಗ್ರಹವನ್ನೇ ಕಟ್ಟಿ ದೊರೆಗೆ ಅರ್ಪಿಸಿದ. ದೊರೆ ಸ್ವತಃ ಫ್ಲೂಟ್ ವಾದಕನಾಗಿದ್ದ. ಈ ಸೊನಾಟದಲ್ಲಿ ಫ್ಲೂಟಿಗೆ ಪಿಟೀಲಿನ ಸರಿಸಮನಾದ ಸ್ಥಾನವಿದೆ. ಇದನ್ನು ತ್ರಯೋ ಎಂದರೂ ನುಡಿಸಲು ನಾಲ್ವರು ಬೇಕು ಎಂಬುದನ್ನು ಗಮನಿಸಿ. ಮೂರನೆಯ ಸ್ವರಸಾಲು 'ಕಂಟಿನ್ಯುವೊ', ಅಂದರೆ ಚೆಲ್ಲೊ ಕೆಳಗಿನ ಸ್ವರಸಾಲನ್ನು ನುಡಿಸುತ್ತಿರುವಾಗ ಕೀಬೋರ್ಡ್ ವಾದಕರು ಅದೇ ಸಾಲನ್ನು ಎಡಗೈಯಲ್ಲಿ ಹಿಡಿದು, ಸ್ವರಗಳ ಜೊತೆ ಬರೆದಿರುವ ಅಂಕಿಗಳನ್ನು ನೋಡಿ ಬಲಗೈಯಲ್ಲಿ ಮೇಳಸ್ವರಗಳನ್ನು ತುಂಬುವ ಪದ್ಧತಿ. ಬರೆದದ್ದನ್ನೇ ನುಡಿಸುವ ಈ ಸಂಗೀತದಲ್ಲಿ ವಾದಕರ ಮನೋಧರ್ಮಕ್ಕೆ ಎಡೆಯಿರುವ ಜಾಗಗಳಲ್ಲಿ ಇದು ಒಂದು. ನಮ್ಮ ಕೇಳುಗರು ಇದನ್ನು ಬಹಳ ಬೇಗ ಗುರುತಿಸುತ್ತಾರೆ.

ಮೂರನೆಯದು ಹೈಡನ್ನನ ಫ್ಲೂಟ್, ಚೆಲ್ಲೊ, ಪಿಯಾನೊ ತ್ರಯೋಗಳಲ್ಲಿ ಒಂದು. 1790ರಲ್ಲಿ ಬಂದ ಇಂಥ ಮೂರು ಕೃತಿಗಳು ಹೈಡನ್ನನ ಕೃತಿಗಳ ಹೋಬೋಕನ್ ಪಟ್ಟಿಯಲ್ಲಿ 15:15ರಿಂದ 15:17ರವರೆಗಿನ ಸಂಖ್ಯೆಗಳಲ್ಲಿವೆ. ಡಿ ಮೇಜರಿನ 15:16 ಕಛೇರಿಯನ್ನು ಮುಗಿಸಲು ಹೇಳಿಮಾಡಿಸಿದಂತಿದೆ. ಇದರಲ್ಲಿ ಭಾರವೆಲ್ಲ ಪಿಯಾನೊದ ಮೇಲೆ. ಕೊನೆಗೆ ಮತ್ತೊಂದು ಬೇಕೆಂದು ಜನ ಕೇಳಿದರೆ ಬಾಖ್‌ನ ಐದನೆಯ ಬ್ರಾಂಡೆನ್‌ಬರ್ಗ್ ಕನ್ಸರ್ಟೊದ, ಅಂದರೆ ಇನ್ನೂ ದೊಡ್ಡ ತಂಡಕ್ಕೆ ಬರೆದ ಕೃತಿಯ, ನಡುವಿನ ಭಾಗವನ್ನು ಫ್ಲೂಟ್, ಪಿಟೀಲು, ಕೀಬೋರ್ಡ್ ಮೂವರೇ ನುಡಿಸಬಹುದು. ಮೂಲದಲ್ಲಿಯೂ ಆ ಭಾಗದಲ್ಲಿ ಉಳಿದವರು ಸುಮ್ಮನಿರುತ್ತಾರೆ.

ಇವೆಲ್ಲ ಸೇರಿ, ನಡುನಡುವೆ ಕನ್ನಡದಲ್ಲಿ ಎರಡೆರಡು ನಿಮಿಷದ ಪರಿಚಯವೂ ಸೇರಿ, ಒಂದೂಕಾಲು ಗಂಟೆಯೊಳಗೆ ಮುಗಿಯುತ್ತವೆ. ಮಧ್ಯಂತರ ಬೇಡ. ನಮ್ಮಲ್ಲಿ ಮಧ್ಯಂತರವೆಂದರೆ ಚಹಾ, ಚಹಾ ಎಂದರೆ ಅರ್ಧ ಗಂಟೆ, ಆಮೇಲೆ ಕೂತವರನ್ನು ಮತ್ತೆ ಸದ್ದಿಲ್ಲದಂತೆ ಕೂರಿಸುವುದು ಕಷ್ಟ.

ಹಕ್ಕುಸ್ವಾಮ್ಯದ ಚಿಂತೆ ಹಲವರಿಗಿದೆ. ಭಾರತದಲ್ಲಿ ರಚನಕಾರರು ತೀರಿಕೊಂಡ ಮೇಲೆ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಬಾಖ್, ಹೈಡನ್, ಮೊಟ್ಸಾರ್ಟರ ಕೃತಿಗಳಿಗೆ ಯಾವ ಅನುಮತಿಯೂ ಬೇಡ. ಬದುಕಿರುವ ಅಥವಾ ಇತ್ತೀಚಿನ ರಚನಕಾರರ ಕೃತಿಯನ್ನು ಸೇರಿಸಿದರೆ ಮಾತ್ರ ವಿಚಾರಿಸಬೇಕು. ಹಾಗೆಯೇ ಧ್ವನಿವರ್ಧಕ ಬಳಸದ ಒಳಾಂಗಣದ ಕಛೇರಿಗೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬೇಕಾಗುವ ಧ್ವನಿವರ್ಧಕದ ಅನುಮತಿಯ ಪ್ರಶ್ನೆಯೇ ಬರುವುದಿಲ್ಲ.

ಹಂತ 4: ಕೀಬೋರ್ಡ್

ಹೆಚ್ಚು ಕಛೇರಿಗಳು ಎಡವುವುದು ಇಲ್ಲಿ. ನಮ್ಮ ಊರುಗಳಲ್ಲಿ ಆರ್ಕೆಸ್ಟ್ರಾ ತಂಡಗಳಿಂದ, ಭಜನಾ ಮಂಡಳಿಗಳಿಂದ ಬಾಡಿಗೆಗೆ ಸಿಗುವುದು 61 ಕೀಲಿಗಳ ಕೀಬೋರ್ಡ್. ಹೈಡನ್ನನ ಕಾಲದ ವಾದ್ಯಗಳೂ ಐದು ಸ್ಥಾಯಿಯವೇ ಆಗಿದ್ದವು, ಹಾಗಾಗಿ 61 ಸಾಕೆಂದು ಯಾರಾದರೂ ಹೇಳಬಹುದು. ಆದರೆ ಆ ಹಳೆಯ ವಾದ್ಯಗಳ ಐದು ಸ್ಥಾಯಿ ಎಫ್ ಸ್ವರದಿಂದ ಶುರುವಾಗುತ್ತಿತ್ತು. ಇಂದಿನ 61 ಕೀಲಿಯದು ಅದಕ್ಕಿಂತ ಮೇಲಿನ ಸಿ ಸ್ವರದಿಂದ ಶುರುವಾಗುತ್ತದೆ. ಮಂದ್ರದ ಏಳು ಕೀಲಿಗಳು ಇಲ್ಲದೇ ಹೋಗುತ್ತವೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಅವುಗಳ ಹಗುರ ಕೀಲಿ. ಒತ್ತುವ ಬಲಕ್ಕೆ ತಕ್ಕಂತೆ ದನಿ ಹೆಚ್ಚು ಕಡಿಮೆ ಮಾಡುವುದು ಅವುಗಳಲ್ಲಿ ಸಾಧ್ಯವಾಗುವುದಿಲ್ಲ, ಸಾಧ್ಯವಾದರೂ ನಿಖರವಾಗಿರುವುದಿಲ್ಲ. ಆದ್ದರಿಂದ 88 ಕೀಲಿಗಳ, ತೂಕದ ಕೀಲಿಯಿರುವ ಡಿಜಿಟಲ್ ಪಿಯಾನೊವನ್ನೇ ಕೇಳಿ ತರಿಸಿ. ಅದರ ಜೊತೆಗೆ ಅಲುಗದ ನಾಲ್ಕು ಕಾಲಿನ ಸ್ಟ್ಯಾಂಡ್, ಎತ್ತರ ಬದಲಿಸಬಹುದಾದ ಬೆಂಚು, ಪೆಡಲ್, ಇವೆಲ್ಲ ಬಂದಿವೆಯೇ ಎಂದು ಗಾಡಿಯಿಂದ ಇಳಿಸುವಾಗಲೇ ನೋಡಿಕೊಳ್ಳಿ. ಪೆಡಲ್ ಗ್ರಾನೈಟ್ ನೆಲದ ಮೇಲೆ ಜಾರಿ ದೂರ ಹೋಗುತ್ತದೆ. ಅಡಿಗೆ ರಬ್ಬರ್ ಹಾಳೆ ಹಾಕಿ.

ಬಾಖ್‌ನ ಕೃತಿಗೆ ಹಾರ್ಪ್ಸಿಕಾರ್ಡಿನ ದನಿಯನ್ನೂ, ಹೈಡನ್ನನಿಗೆ ಪಿಯಾನೊದ ದನಿಯನ್ನೂ ಆರಿಸಿಕೊಳ್ಳುವುದು ಡಿಜಿಟಲ್ ವಾದ್ಯದ ಒಂದು ಅನುಕೂಲ. ಹಾರ್ಪ್ಸಿಕಾರ್ಡ್ ಎಂದರೆ ಪಿಯಾನೊಕ್ಕಿಂತ ಹಳೆಯದಾದ, ಸುತ್ತಿಗೆಯ ಬದಲು ಸಣ್ಣ ಮುಳ್ಳು ತಂತಿಯನ್ನು ಮೀಟುವ ಕೀಲಿವಾದ್ಯ. ವಾದ್ಯದೊಳಗಿನ ಸ್ಪೀಕರ್ ಈ ಅಳತೆಯ ಕೋಣೆಗೆ ಸಾಮಾನ್ಯವಾಗಿ ಸಾಕು. ಸಾಲದಿದ್ದರೆ ಒಂದೇ ಒಂದು ಸಣ್ಣ ಸ್ಪೀಕರನ್ನು ಪಿಯಾನೊದ ಪಕ್ಕದಲ್ಲೇ ನೆಲದ ಮಟ್ಟದಲ್ಲಿ ಇಡಿ. ಕೋಣೆಯ ನಾಲ್ಕು ಮೂಲೆಯ ಸ್ಪೀಕರುಗಳಿಗೆ ಅದನ್ನು ಜೋಡಿಸಿದರೆ ವಾದಕರು ಎದುರಿಗೆ ಕುಳಿತಿದ್ದರೂ ಪಿಯಾನೊ ಬೆನ್ನ ಹಿಂದಿನಿಂದ ಕೇಳುತ್ತದೆ.

ಕರೆಂಟಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಡಿಜಿಟಲ್ ಪಿಯಾನೊ ಹೆಚ್ಚು ಕರೆಂಟ್ ಎಳೆಯುವುದಿಲ್ಲ, ಮನೆಯ ಇನ್ವರ್ಟರ್ ಸಾಕಾಗುತ್ತದೆ. ಆದರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣಮಾತ್ರದಲ್ಲಿ ವಾದ್ಯ ಆರಿ ಮತ್ತೆ ಹೊತ್ತಿಕೊಳ್ಳಬಹುದು. ಆಗ ನೀವು ಹೊಂದಿಸಿಟ್ಟ ಶ್ರುತಿಯೂ, ಹಾರ್ಪ್ಸಿಕಾರ್ಡಿನ ದನಿಯೂ ಅಳಿಸಿ ಮೊದಲಿನ ಸ್ಥಿತಿಗೆ ಮರಳುತ್ತವೆ. ಕಂಪ್ಯೂಟರ್ ಅಂಗಡಿಯಿಂದ ಒಂದು ಆನ್‌ಲೈನ್ ಯುಪಿಎಸ್, ಅಂದರೆ ಸದಾ ಬ್ಯಾಟರಿಯ ಮೂಲಕವೇ ಕರೆಂಟ್ ಕೊಡುತ್ತಿರುವ ಬಗೆಯ ಯುಪಿಎಸ್ ತಂದು ನಡುವೆ ಜೋಡಿಸಿದರೆ ಈ ತೊಂದರೆ ಇರುವುದಿಲ್ಲ. ಟ್ರಾನ್ಸ್‌ಪೋಸ್ ಗುಂಡಿಯ ಮೇಲೂ ಕಣ್ಣಿರಲಿ. ಕೀಲಿ ಬದಲಿಸದೆಯೇ ಇಡೀ ವಾದ್ಯದ ಶ್ರುತಿಯನ್ನು ಏರಿಳಿಸುವ ಈ ಗುಂಡಿಯನ್ನು ಭಜನೆಯವರು ಹೆಚ್ಚಾಗಿ ಬಳಸುತ್ತಾರೆ; ಬಾಡಿಗೆಗೆ ಬಂದ ವಾದ್ಯದಲ್ಲಿ ಅದು ಸೊನ್ನೆಯಲ್ಲಿದೆಯೇ ಎಂದು ನೋಡಿ.

ಹಂತ 5: ಪ್ರಯಾಣ ಮತ್ತು ವಾದ್ಯಗಳ ಕಾಳಜಿ

ಬೆಂಗಳೂರಿನಿಂದ ಬಳ್ಳಾರಿಗೆ ರಸ್ತೆಯಲ್ಲಿ ಸುಮಾರು 300 ಕಿಲೋಮೀಟರ್. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬಳ್ಳಾರಿ, ಹೊಸಪೇಟೆ, ಕೊಪ್ಪಳಗಳಿಗೆ ಬೆಳಿಗ್ಗೆ ತಲುಪಿಸುತ್ತದೆ. ರಾಯಚೂರಿಗೆ ಗುಂತಕಲ್ ಮಾರ್ಗದ ರೈಲುಗಳಿವೆ. ರೈಲಿನಲ್ಲಾದರೆ ಚೆಲ್ಲೊವಿಗೆ ಒಂದು ಬರ್ತನ್ನೇ ಹೆಚ್ಚಿಗೆ ಕಾಯ್ದಿರಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ, ಆ ಬಗ್ಗೆ ವಾದಕರನ್ನೇ ಕೇಳಿ.

ಹಗಲಿನಲ್ಲಿ ಕಾರಿನಲ್ಲಿ ಬರುವವರು ದಾರಿಯಲ್ಲಿ ಊಟಕ್ಕೆ ಇಳಿದಾಗ ವಾದ್ಯಗಳನ್ನು ಕಾರಿನಲ್ಲಿ ಬಿಟ್ಟು ಹೋಗಬಾರದು. ಪಿಟೀಲು, ವಯೋಲಾ, ಚೆಲ್ಲೊಗಳ ಹಲಗೆಗಳನ್ನು ಅಂಟಿಸಿರುವುದು ಪ್ರಾಣಿಗಳ ಚರ್ಮದಿಂದ ತೆಗೆದ ಸಾಂಪ್ರದಾಯಿಕ ಅಂಟಿನಿಂದ. ಮುಚ್ಚಿದ ಕಾರಿನೊಳಗಿನ ಕಾವಿಗೆ ಅದು ಮೆತ್ತಗಾಗಿ ಜೋಡಣೆಗಳು ಬಿಡುತ್ತವೆ. ನಿಮ್ಮ ಊರಿನಲ್ಲಿಯೂ ವಾದ್ಯಗಳಿಗೆಂದು ಬಿಸಿಲು ಬೀಳದ, ಬೀಗ ಹಾಕಬಹುದಾದ ಒಂದು ಕೋಣೆ ಇರಲಿ.

ಹಂತ 6: ಕೂರುವ ಏರ್ಪಾಟು

ವಾದಕರು ಜಮಖಾನೆಯ ಮೇಲೆ ಕೂರುವ ಪದ್ಧತಿ ಇಲ್ಲಿ ಇಲ್ಲ. ಕೈಯಿಲ್ಲದ, ಸಮತಟ್ಟಾದ, ಗಟ್ಟಿ ಮರದ ಕುರ್ಚಿಗಳು ಬೇಕು. ಶಾಮಿಯಾನದವರು ತರುವ ಪ್ಲಾಸ್ಟಿಕ್ ಕುರ್ಚಿಗಳಿಗೆ ಕೈಗಳಿವೆ, ಕೂರುವ ಜಾಗ ಹಿಂದಕ್ಕೆ ಇಳಿಜಾರಾಗಿದೆ; ಅದರಲ್ಲಿ ಕುಳಿತು ಚೆಲ್ಲೊ ನುಡಿಸಲು ಆಗುವುದೇ ಇಲ್ಲ. ಹಳೆಯ ಶಾಲೆಗಳ ಮರದ ಕುರ್ಚಿ ಇದಕ್ಕೆ ಬಹಳ ಸೂಕ್ತ. ಚೆಲ್ಲೊದ ಮೊನೆ ನುಣುಪು ನೆಲದಲ್ಲಿ ಜಾರದಂತೆ, ಕುರ್ಚಿಯ ಕಾಲುಗಳ ಅಡಿಗೆ ಸೇರಿಕೊಳ್ಳುವಷ್ಟು ಅಗಲದ ದಪ್ಪ ಜಮಖಾನೆಯನ್ನೋ ಪ್ಲೈವುಡ್ ಹಲಗೆಯನ್ನೋ ಹಾಸಿ. ಮೊನೆ ಚುಚ್ಚಿ ತೂತು ಬೀಳುತ್ತದೆ, ಆದ್ದರಿಂದ ಮನೆಯ ಒಳ್ಳೆಯ ರತ್ನಗಂಬಳಿ ಬೇಡ.

ಕೇಳುಗರ ಕಡೆಯಿಂದ ನೋಡಿದಾಗ ಎಡತುದಿಯಲ್ಲಿ ಫ್ಲೂಟ್, ಅದರ ಪಕ್ಕ ಪಿಟೀಲು, ನಂತರ ವಯೋಲಾ, ಬಲತುದಿಯಲ್ಲಿ ಚೆಲ್ಲೊ ಇರುವಂತೆ ಅರ್ಧವೃತ್ತದಲ್ಲಿ ಕೂರಿಸುವುದು ಸಾಮಾನ್ಯ ರೂಢಿ. ಕೀಬೋರ್ಡ್ ಇವರ ಹಿಂದೆ, ಅದರ ವಾದಕರಿಗೆ ಎಲ್ಲರ ಕೈಯೂ ಕಾಣುವಂತೆ ಇರಬೇಕು. ಕೊನೆಯ ತೀರ್ಮಾನ ವಾದಕರದು. ಕೇಳುಗರನ್ನು ಮೊದಲ ಮೂರು ಸಾಲು ಜಮಖಾನೆಯ ಮೇಲೆ, ಉಳಿದವರನ್ನು ಕುರ್ಚಿಗಳ ಮೇಲೆ ಕೂರಿಸಿದರೆ ಎತ್ತರದ ವೇದಿಕೆಯೇ ಬೇಕಾಗುವುದಿಲ್ಲ, ಹಿಂದಿನವರಿಗೂ ವಾದಕರು ಕಾಣುತ್ತಾರೆ. ಐದೂ ಸ್ಟ್ಯಾಂಡುಗಳ ಮೇಲೆ ನೆರಳು ಬೀಳದಂತೆ ದೀಪ ಹೊಂದಿಸಿ, ಸ್ವರಲಿಪಿಯ ಹಾಳೆ ಹಾರದಂತೆ ಬಟ್ಟೆ ಕ್ಲಿಪ್ಪುಗಳನ್ನು ಇಟ್ಟುಕೊಂಡಿರಿ.

ಹಂತ 7: ಧಗೆ ಮತ್ತು ಶ್ರುತಿ

ಇದನ್ನು ತುಸು ವಿವರವಾಗಿ ಹೇಳಬೇಕಿದೆ, ಏಕೆಂದರೆ ನಮ್ಮ ಸೀಮೆಯಲ್ಲಿ ಇದೇ ನಿಜವಾದ ಕಷ್ಟ.

ಪಾಶ್ಚಾತ್ಯ ವಾದ್ಯಗಳ ಶ್ರುತಿಯ ಅಳತೆ ಎ ಎಂಬ ಸ್ವರ. ಇದು ಸೆಕೆಂಡಿಗೆ 440 ಕಂಪನಗಳಿಗೆ ಸಮನಾಗಿರಬೇಕೆಂಬುದು ಇಂದಿನ ಅಂತರರಾಷ್ಟ್ರೀಯ ಒಪ್ಪಂದ. ಫ್ಲೂಟಿನ ಸ್ವರ ಅದರೊಳಗಿನ ಗಾಳಿಯಲ್ಲಿ ದನಿ ಎಷ್ಟು ವೇಗವಾಗಿ ಚಲಿಸುತ್ತದೆ ಎಂಬುದನ್ನು ಅವಲಂಬಿಸಿದೆ. ಆ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಇದ್ದರೆ, 35 ಡಿಗ್ರಿಯಲ್ಲಿ ಸುಮಾರು 352 ಮೀಟರ್. ಹೀಗಾಗಿ ಕೋಣೆ ಬಿಸಿಯಾದಂತೆ ಫ್ಲೂಟಿನ ಶ್ರುತಿ ಏರುತ್ತದೆ. ವಾದಕರ ಉಸಿರು ಮೊದಲೇ ಬೆಚ್ಚಗಿರುವುದರಿಂದ ಲೆಕ್ಕಕ್ಕೆ ಬಂದಷ್ಟು ಪೂರ್ತಿ ಏರುವುದಿಲ್ಲ, ಆದರೂ ಕಿವಿಗೆ ಗೊತ್ತಾಗುವಷ್ಟು ಏರುತ್ತದೆ. ತಂತಿವಾದ್ಯಗಳದ್ದು ಇದಕ್ಕೆ ತದ್ವಿರುದ್ಧ: ಲೋಹದ ತಂತಿ ಬಿಸಿಗೆ ಹಿಗ್ಗಿ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಡಿಜಿಟಲ್ ಪಿಯಾನೊ ಯಾವ ಕಡೆಗೂ ಅಲುಗುವುದಿಲ್ಲ. ಒಂದೇ ಕೋಣೆಯಲ್ಲಿ ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಒಂದು ನಿಂತಲ್ಲೇ.

ಪರಿಹಾರ ಹೀಗೆ. ಕಛೇರಿ ನಡೆಯುವ ಹೊತ್ತಿನ ಕಾವೇ ಕೋಣೆಯಲ್ಲಿರುವಾಗ ಫ್ಲೂಟ್ ವಾದಕರು ಹತ್ತು ನಿಮಿಷ ನುಡಿಸಿ ವಾದ್ಯವನ್ನು ಬಿಸಿ ಮಾಡಲಿ. ಅವರಿಗೆ ಸಹಜವಾಗಿ ಬರುವ ಎ ಸ್ವರವನ್ನು ಮೊಬೈಲಿನ ಟ್ಯೂನರ್ ಆ್ಯಪಿನಲ್ಲಿ ಅಳೆಯಿರಿ. ಅದು 442 ಅಥವಾ 443 ಎಂದು ತೋರಿಸಿದರೆ ಡಿಜಿಟಲ್ ಪಿಯಾನೊದ ಶ್ರುತಿಯನ್ನು ಅದಕ್ಕೇ ಏರಿಸಿ. ಬಹುತೇಕ ವಾದ್ಯಗಳಲ್ಲಿ ಈ ಅನುಕೂಲವಿದೆ. ತಂತಿವಾದ್ಯದವರು ಪಿಯಾನೊಕ್ಕೆ ಹೊಂದಿಸಿಕೊಳ್ಳುತ್ತಾರೆ. ಫ್ಲೂಟಿನ ತಲೆಭಾಗವನ್ನು ಹೊರಗೆಳೆದು ಶ್ರುತಿ ಇಳಿಸಬಹುದು ನಿಜ, ಆದರೆ ಹೆಚ್ಚು ಎಳೆದರೆ ಸ್ವರಸ್ವರಗಳ ನಡುವಿನ ಅಂತರವೇ ಕೆಡುತ್ತದೆ. ಪ್ರತಿ ಕೃತಿಯ ಮುಂಚೆ ಮತ್ತೆ ಶ್ರುತಿ ನೋಡಿಕೊಳ್ಳಲು ಹೊತ್ತು ಕೊಡಿ, ಅದನ್ನು ಜನರಿಗೂ ಹೇಳಿ. ತಂಬೂರಿಯನ್ನು ಗಂಟೆಗಟ್ಟಲೆ ಹದಮಾಡುವುದನ್ನು ಕಂಡ ನಮ್ಮ ಜನ ಇದಕ್ಕೆ ಬೇಸರಪಡುವುದಿಲ್ಲ.

ಫ್ಯಾನುಗಳ ವಿಷಯಕ್ಕೆ ಬಂದರೆ, ವಾದಕರ ಮೇಲಿನ ಫ್ಯಾನ್ ನಿಲ್ಲಿಸಲೇಬೇಕು. ಕೇಳುಗರ ಮೇಲಿನವು ಸದ್ದು ಮಾಡದಿದ್ದರೆ ಕಡಿಮೆ ವೇಗದಲ್ಲಿ ಓಡಲಿ. ನೀರಿನ ಕೂಲರುಗಳು ಗದ್ದಲ ಮಾಡುತ್ತವೆ, ತೇವವನ್ನೂ ಹರಡುತ್ತವೆ. ಒಣಹವೆಯಿಂದ ಏಕಾಏಕಿ ತೇವಕ್ಕೆ ಬಂದ ಪಿಟೀಲಿನ ಬಿರಡೆಗಳು ಉಬ್ಬಿ ಬಿಗಿದುಕೊಳ್ಳುತ್ತವೆ. ಮಧ್ಯಾಹ್ನ ಪರದೆ ಎಳೆದು ಬಿಸಿಲನ್ನು ಹೊರಗಿಡುವುದು, ಐದು ಗಂಟೆಗೆ ಎಲ್ಲ ಕಿಟಕಿ ತೆರೆದು ಗಾಳಿಯಾಡಿಸುವುದು, ಆರಂಭಕ್ಕೆ ಮೊದಲು ಮುಚ್ಚುವುದು, ಚಳಿಗಾಲದಲ್ಲಿ ಇಷ್ಟೇ ಸಾಕಾಗುತ್ತದೆ.

ಹಂತ 8: ಕೇಳುಗರನ್ನು ಸಿದ್ಧಗೊಳಿಸುವುದು

ಒಂದು ಹಾಳೆಯ ಕನ್ನಡ ಕಾರ್ಯಕ್ರಮಪಟ್ಟಿ ಮುದ್ರಿಸಿ. ಅದರಲ್ಲಿ ಕೃತಿಯ ಹೆಸರು, ರಚನಕಾರ, ವರ್ಷ, ಯಾರು ಯಾರು ನುಡಿಸುತ್ತಾರೆ, ಎಷ್ಟು ಭಾಗಗಳಿವೆ ಎಂಬುದು ಇರಲಿ. ಒಂದು ಕೃತಿಯಲ್ಲಿ ಮೂರು ಅಥವಾ ನಾಲ್ಕು ಭಾಗಗಳಿರುತ್ತವೆ. ನಡುವೆ ಒಂದು ಸಣ್ಣ ನಿಲುಗಡೆ ಇರುತ್ತದೆ, ಆದರೆ ಕೃತಿ ಮುಗಿದಿರುವುದಿಲ್ಲ. ಎಲ್ಲ ಭಾಗಗಳೂ ಮುಗಿದ ಮೇಲೆ ಚಪ್ಪಾಳೆ ತಟ್ಟುವುದು ಈಗಿನ ವಾಡಿಕೆ. ಯಾರಾದರೂ ನಡುವೆ ತಟ್ಟಿದರೆ ಅವರತ್ತ ಕಣ್ಣು ಕೆಂಪಗೆ ಮಾಡಬೇಡಿ. ಮೊಟ್ಸಾರ್ಟ್ 1778ರಲ್ಲಿ ಪ್ಯಾರಿಸಿನಿಂದ ತನ್ನ ತಂದೆಗೆ ಬರೆದ ಪತ್ರದಲ್ಲಿ, ತನ್ನ ಸಿಂಫನಿಯ (ದೊಡ್ಡ ವಾದ್ಯವೃಂದದ ಕೃತಿಯ) ಮೊದಲ ಭಾಗ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ತಟ್ಟಿದ್ದನ್ನು ಸಂತೋಷದಿಂದ ತಿಳಿಸಿದ್ದಾನೆ. ನಮ್ಮವರು ಒಳ್ಳೆಯ ಜಾಗದಲ್ಲಿ ತಲೆದೂಗಿ ಭಲೇ ಎಂದರೆ ವಾದಕರಿಗೂ ಖುಷಿಯೇ.

ನಮ್ಮ ಕೇಳುಗರಿಗೆ ಮುಂಚಿತವಾಗಿ ತಿಳಿಸಬೇಕಾದ ಇನ್ನೊಂದು ಸಂಗತಿ, ಇಲ್ಲಿ ಷಡ್ಜದ ಶ್ರುತಿ ಉದ್ದಕ್ಕೂ ಮೊಳಗುವುದಿಲ್ಲ, ಮತ್ತು ಕೃತಿ ನಡೆಯುತ್ತಿರುವಂತೆಯೇ ಆಧಾರಸ್ವರ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಿ ಕೊನೆಗೆ ಮೊದಲಿನದಕ್ಕೆ ಮರಳುತ್ತದೆ. ಇದನ್ನು ವಾದಕರಿಂದಲೇ ಅರ್ಧ ನಿಮಿಷ ನುಡಿಸಿ ತೋರಿಸಿದರೆ ಮಾತಿಗಿಂತ ಚೆನ್ನಾಗಿ ಮನಸ್ಸಿಗೆ ಹೋಗುತ್ತದೆ.

ಆಸನಗಳಿಗಿಂತ ಹೆಚ್ಚು ಜನರನ್ನು ಕರೆಯಬೇಡಿ. ಪಾಸುಗಳನ್ನು ಮುಂಚೆಯೇ ಹಂಚಿ, ತಡವಾಗಿ ಬಂದವರನ್ನು ಎರಡು ಕೃತಿಗಳ ನಡುವೆ ಮಾತ್ರ ಒಳಗೆ ಬಿಡುತ್ತೇವೆಂದು ಪಾಸಿನ ಮೇಲೆಯೇ ಅಚ್ಚು ಹಾಕಿಸಿ.

ಹಂತ 9: ಕಛೇರಿಯ ದಿನ

ಮಧ್ಯಾಹ್ನ 3ರಿಂದ 5ರವರೆಗೆ ಅದೇ ಕೋಣೆಯಲ್ಲಿ ಅಭ್ಯಾಸ. ಆಗ ಕುರ್ಚಿ ಎಳೆಯುವ, ಬ್ಯಾನರ್ ಕಟ್ಟುವ ಕೆಲಸವೆಲ್ಲ ಮುಗಿದಿರಲಿ. ಫ್ಲೂಟ್ ವಾದಕರ ಹತ್ತಿರ ಊದಿನಕಡ್ಡಿ, ಲೋಬಾನದ ಹೊಗೆ ಬೇಡವೇ ಬೇಡ. ದೀಪ ಬೆಳಗಿಸುವ ಸಂಪ್ರದಾಯವನ್ನು ವಾದ್ಯಗಳಿಂದ ದೂರದಲ್ಲಿ, ಬಾಗಿಲ ಬಳಿ, ಮೊದಲೇ ನೆರವೇರಿಸಿ.

ಸ್ವಾಗತ ಭಾಷಣ ಐದು ನಿಮಿಷ ಮೀರಬಾರದು, ಅದೂ ಮೈಕಿಲ್ಲದೆ. ಸನ್ಮಾನವನ್ನು ಕೊನೆಗೆ ಇಟ್ಟುಕೊಳ್ಳಿ. ಹಸಿ ಹೂವಿನ ಹಾರದ ನೀರು ಪಿಟೀಲಿನ ವಾರ್ನಿಷಿನ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ. ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿದ ಮೇಲೆಯೇ ಶಾಲು, ಹಾರ. ಅತಿಥಿಗಳಿಗೆ ಇದನ್ನು ಹಿಂದಿನ ದಿನವೇ ವಿನಯದಿಂದ ತಿಳಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮಂಡಾಳು ಒಗ್ಗರಣೆ, ಮಿರ್ಚಿ, ಚಹಾಗಳನ್ನು ಕಛೇರಿ ಮುಗಿದ ಮೇಲೆ ಅಂಗಳದಲ್ಲಿ ಕೊಡಿ. ಒಗ್ಗರಣೆಯ ಘಾಟು ಒಳಗೆ ಬರದಷ್ಟು ದೂರದಲ್ಲಿ ಒಲೆ ಇರಲಿ.

ಬಾಗಿಲ ಬಳಿ ಒಬ್ಬರು, ಕರೆಂಟಿನ ಬಳಿ ಒಬ್ಬರು, ಹೊರಗಿನ ಗಾಡಿಗಳ ಹತ್ತಿರ ಒಬ್ಬರು ಕಡೆಯವರೆಗೂ ನಿಂತಿರಬೇಕು. ಈ ಮೂವರಿಗೆ ಅಂದು ಸಂಗೀತ ಪೂರ್ತಿ ಸಿಗುವುದಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಅವರನ್ನು ತಪ್ಪದೆ ಒಳಗೆ ಕೂರಿಸಿ.

ಹಂತ 10: ಮುಗಿದ ಮೇಲೆ

ವಾದಕರ ಸಂಭಾವನೆಯನ್ನು ಅದೇ ರಾತ್ರಿ, ಊಟಕ್ಕೆ ಮುಂಚೆ ಕೊಟ್ಟುಬಿಡಿ. ಪಿಯಾನೊವನ್ನು ಹಿಂದಿರುಗಿಸುವಾಗ ಅಡಾಪ್ಟರ್, ಪೆಡಲ್ ಮರೆಯಬೇಡಿ. ಕೋಣೆಯ ಉಷ್ಣಾಂಶ, ಅಂದು ಪಿಯಾನೊದಲ್ಲಿ ಹೊಂದಿಸಿದ ಶ್ರುತಿಯ ಸಂಖ್ಯೆ, ಜಮಖಾನೆ ಪರದೆಗಳನ್ನು ಎಲ್ಲೆಲ್ಲಿ ಹಾಕಿದಿರಿ ಎಂಬ ನಕ್ಷೆ, ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಚೆಲ್ಲೊ ಎಷ್ಟು ಕೇಳಿತು ಎಂಬ ಮಾತು, ಇವನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟು ಕೋಣೆಯ ಒಡೆಯರ ಬಳಿಯೇ ಒಂದು ಪ್ರತಿ ಬಿಡಿ. ಮುಂದಿನ ಸಲ ಅದೇ ಕೋಣೆಯಲ್ಲಿ ಬೇರೆ ಯಾರೇ ಕಛೇರಿ ನಡೆಸಿದರೂ ಅವರ ಅರ್ಧ ಕೆಲಸ ಮುಗಿದಿರುತ್ತದೆ.